ಬಾವಿಗೆ ಮರಳಿದ ಜೀವಗಳು

ಜೈನ ಗೃಹಸ್ಥರ ಆಚಾರದಲ್ಲಿ ನೀರು ಸೋಸುವುದಕ್ಕೆ ಇರುವ ಸ್ಥಾನ ಎಲ್ಲರಿಗೂ ತಿಳಿದದ್ದೇ. ಎರಡು ಪದರದ ದಪ್ಪ ಬಟ್ಟೆಯಲ್ಲಿ ಸೋಸದ ನೀರನ್ನು ಶ್ರಾವಕನು ಕುಡಿಯಲಾರ. ಆದರೆ ಆ ಕ್ರಿಯೆಯ ಉಳಿದರ್ಧ ಈಗ ಬಹುಮಟ್ಟಿಗೆ ಮರೆತುಹೋಗಿದೆ. ಸೋಸಿದ ಬಳಿಕ ಬಟ್ಟೆಯನ್ನು ಮಗುಚಿ, ಸೋಸಿದ ನೀರಿನಿಂದಲೇ ತೊಳೆದು, ಅದರಲ್ಲಿ ಸಿಲುಕಿದ ಸೂಕ್ಷ್ಮಜೀವಿಗಳನ್ನು ನೀರು ತಂದ ನೆಲೆಗೇ ಹಿಂತಿರುಗಿಸಬೇಕು. ಬಾವಿಯದಾದರೆ ಆ ಬಾವಿಗೆ, ಕೆರೆಯದಾದರೆ ಆ ಕೆರೆಗೆ. ಮೇಲಿನಿಂದ ಸುರಿಯುವಂತೆಯೂ ಇಲ್ಲ. ತಳದಲ್ಲಿ ಕೊಂಡಿಯಿರುವ ಪಾತ್ರೆಯನ್ನು ಹಗ್ಗದಿಂದ ಮೆಲ್ಲನೆ ಇಳಿಸಿ, ಅದು ನೀರನ್ನು ಮುಟ್ಟಿದ ಮೇಲೆಯೇ ಮಗುಚುವ ಕ್ರಮವಿತ್ತು.

ಕುಡಿಯುವವನ ಆರೋಗ್ಯ ಇಲ್ಲಿ ಆನುಷಂಗಿಕ. ನೀರಿನಲ್ಲಿರುವ ಜೀವದ ರಕ್ಷಣೆಯೇ ಮುಖ್ಯ. ಇಂದು ಅಡುಗೆಮನೆಯ ಗೋಡೆಗೆ ತೂಗುಹಾಕಿದ ಶುದ್ಧೀಕರಣ ಯಂತ್ರವೂ ನೀರನ್ನು ಸೋಸುತ್ತದೆ. ಆದರೆ ಒಂದು ಕೊಡ ಶುದ್ಧ ನೀರು ಕೊಡುವಷ್ಟರಲ್ಲಿ ಅಂಥ ಯಂತ್ರಗಳಲ್ಲಿ ಹಲವು ಅದಕ್ಕಿಂತ ಹೆಚ್ಚು ನೀರನ್ನು ಮೋರಿಗೆ ಹರಿಸುತ್ತವೆ. ಆ ನೀರನ್ನು ಹಿಡಿದಿಟ್ಟು ನೆಲ ಒರೆಸಲು ಬಳಸುವ ಮನೆಗಳು ಎಷ್ಟಿವೆ?

ಜೂನ್ 5ರ ಪರಿಸರ ದಿನದಂದು, ಜುಲೈ ಮೊದಲ ವಾರದ ವನಮಹೋತ್ಸವದಲ್ಲಿ ಶಾಲೆಗಳು, ಸಂಘಸಂಸ್ಥೆಗಳು ಗಿಡ ನೆಡುತ್ತವೆ. 1950ರಲ್ಲಿ ಕೆ.ಎಂ. ಮುನ್ಷಿಯವರು ಆರಂಭಿಸಿದ ಈ ಉತ್ಸವ ಸ್ತುತ್ಯವೇ. ಆದರೂ ಕಳೆದ ವರ್ಷದ ಗುಂಡಿಯಲ್ಲೇ ಈ ವರ್ಷದ ಸಸಿಯನ್ನು ನೆಡುವ ದೃಶ್ಯ ಅಪರೂಪವಲ್ಲ. ಭಾವಚಿತ್ರದಲ್ಲಿ ಅದು ಕಾಣುವುದಿಲ್ಲ, ಅಷ್ಟೆ. ಜೈನದೃಷ್ಟಿಯಲ್ಲಿ ಇದು ಎರಡು ಬಗೆಯ ಹಾನಿ. ಪೃಥ್ವೀಕಾಯಿಕ ಜೀವಿಗಳ ನೆಲೆಯನ್ನು ಅಗೆದದ್ದೂ ವ್ಯರ್ಥ, ವನಸ್ಪತಿಕಾಯಿಕ ಜೀವವೊಂದನ್ನು ತಂದು ಒಣಗಿಸಿದ್ದೂ ಹಿಂಸೆ.

ನೆಲವನ್ನು ಸುಮ್ಮನೆ ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕಡಿಯುವುದು: ಪ್ರಯೋಜನವಿಲ್ಲದ ಇಂಥ ಕ್ರಿಯೆಗಳನ್ನು ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪ್ರಮಾದಚರ್ಯೆ ಎಂದು ಗುರುತಿಸಿ, ಅನರ್ಥದಂಡದ ಪ್ರಭೇದಗಳಲ್ಲಿ ಸೇರಿಸಿದ್ದಾರೆ. ಗೃಹಸ್ಥನು ಉಳುವುದನ್ನೂ ಅಡುಗೆ ಮಾಡುವುದನ್ನೂ ಬಿಡಲಾರ. ಹಾಗೆಂದೇ ಅವನಿಗೆ ಹೇಳಿರುವುದು ಅಗತ್ಯವಿಲ್ಲದ್ದನ್ನು ಬಿಡಲು. ಶಾಲೆಯ ಪರಿಸರ ಚಟುವಟಿಕೆ ಆರಂಭವಾಗಬೇಕಾದದ್ದು ಇಲ್ಲಿಂದ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಮಕ್ಕಳು ಒಂದು ಗಂಟೆ ಪಾತ್ರೆಯಿಟ್ಟು, ಸಿಕ್ಕ ನೀರನ್ನು ಅಳೆದು, 24ರಿಂದ ಗುಣಿಸಲಿ. ಹಲಗೆಯ ಮೇಲೆ ಬರೆದ ಆ ಒಂದು ಅಂಕಿ ಹತ್ತು ಘೋಷಣಾಫಲಕಗಳಿಗಿಂತ ಹೆಚ್ಚು ಕಲಿಸುತ್ತದೆ. ನಲ್ಲಿಯ ರಬ್ಬರು ಬದಲಾಯಿಸಲು ಹಣವೂ ಹೆಚ್ಚು ಬೇಡ.

ಇನ್ನು ಗಿಡದ ಮಾತು. ವನಮಹೋತ್ಸವದ ಹೊತ್ತಿಗೇ ಚಾತುರ್ಮಾಸವೂ ಸಮೀಪಿಸುತ್ತದೆ. ಮಳೆಗಾಲದ ಚಿಗುರೂ ಹುಳುಹುಪ್ಪಟೆಯೂ ಕಾಲಡಿ ಸಿಲುಕದಿರಲೆಂದು ಮುನಿಗಳು ವಿಹಾರ ನಿಲ್ಲಿಸಿ ಒಂದೆಡೆ ನೆಲೆಸುವ ನಾಲ್ಕು ತಿಂಗಳು ಅವು. ಎಳೆಯ ಸಸಿ ಬೇರೂರಲು ಬೇಕಾದದ್ದೂ ಆ ಕಾಲವೇ. ಬಸದಿಗೆ ನಿತ್ಯ ಬರುವ ಕುಟುಂಬವೊಂದು ಒಂದೇ ಸಸಿಯನ್ನು ವಹಿಸಿಕೊಂಡು, ಕಾರ್ತಿಕದವರೆಗೆ ದನಕರುಗಳಿಂದ ಕಾದು, ಮುಂದೆ ಬೇಸಗೆಯಲ್ಲಿ ನೀರೆರೆದರೆ ಅದೂ ವ್ರತವೇ. ನೂರು ಸಸಿ ನೆಟ್ಟೆವೆಂಬ ವರದಿಗಿಂತ ಉಳಿದ ಒಂದು ಮರ ಮೇಲು.

ಕೆರೆ, ಕಲ್ಯಾಣಿಗಳ ಸ್ವಚ್ಛತೆಯಲ್ಲಂತೂ ಎಚ್ಚರ ಇನ್ನೂ ಹೆಚ್ಚು ಬೇಕು. ಶ್ರವಣಬೆಳಗೊಳಕ್ಕೆ ಹೆಸರು ಬಂದದ್ದೇ ಎರಡು ಬೆಟ್ಟಗಳ ನಡುವಿನ ಬಿಳಿಯ ಕೊಳದಿಂದ. ಇಂಥ ಜಲದ ಸುತ್ತ ಊರು ಬೆಳೆದ ನಾಡಿನಲ್ಲಿ ಶ್ರಮದಾನಕ್ಕೆ ಜನ ಉತ್ಸಾಹದಿಂದ ಬರುತ್ತಾರೆ, ಒಂದೇ ದಿನದಲ್ಲಿ ನೀರೆಲ್ಲ ಬತ್ತಿಸಿ ಹೂಳೆತ್ತಿ ದಡಕ್ಕೆ ಸುರಿಯುತ್ತಾರೆ. ಮೀನು, ಕಪ್ಪೆ, ಬಸವನಹುಳುಗಳು ಆ ರಾಶಿಯಲ್ಲೇ ಬಿಸಿಲಿಗೆ ಒಣಗುತ್ತವೆ. ಒಂದು ಮೂಲೆಯ ನೀರನ್ನು ಹಾಗೆಯೇ ಉಳಿಸಿಕೊಂಡು, ಅರ್ಧರ್ಧವಾಗಿ ಹೂಳೆತ್ತಿ, ಬುಟ್ಟಿಬುಟ್ಟಿಯಾಗಿ ನೋಡಿ ಜೀವಿಗಳನ್ನು ನೀರಿಗೆ ಬಿಡುವುದಕ್ಕೆ ಎರಡು ಭಾನುವಾರ ಹೆಚ್ಚು ಹಿಡಿದೀತು. ಬುಟ್ಟಿ ನೋಡುವ ಆ ಕೆಲಸಕ್ಕೆ ಮಕ್ಕಳ ಕಣ್ಣು ಬಹಳ ಚುರುಕು.