ಆದಿಕಾಂಡಕ್ಕೆ ವಿಜ್ಞಾನದ ಸರ್ಟಿಫಿಕೇಟು ಯಾಕೆ ಬೇಕು?

ಅಮೆರಿಕದ ಕೆಂಟಕಿ ರಾಜ್ಯದ ವಿಲಿಯಮ್ಸ್‌ಟೌನ್ ಎಂಬ ಊರಿನ ಬಯಲಲ್ಲಿ ಒಂದು ಮರದ ಹಡಗಿದೆ. 510 ಅಡಿ ಉದ್ದ, 51 ಅಡಿ ಎತ್ತರ. ಬೈಬಲ್ಲಿನ ಜಲಪ್ರಳಯದ ಕಥೆಯಲ್ಲಿ ದೇವರು ನೋಹನಿಗೆ ಹೇಳಿದ ಅಳತೆಯಲ್ಲೇ ಕಟ್ಟಿದ್ದೇವೆ ಎನ್ನುವುದು ಸೃಷ್ಟಿವಾದಿ ಕೆನ್ ಹ್ಯಾಮ್ ಅವರ ಸಂಸ್ಥೆಯ ಹೇಳಿಕೆ. 2016ರ ಜುಲೈನಲ್ಲಿ ಬಾಗಿಲು ತೆರೆಯಿತು. ಟಿಕೆಟ್ ಕೊಂಡು ಒಳಗೆ ಹೋದರೆ ಬೋನುಗಳಲ್ಲಿ ಮರಿ ಡೈನೋಸಾರ್‌ಗಳ ಬೊಂಬೆಗಳು ಕಾಣುತ್ತವೆ. ಭೂಮಿಗೆ ವಯಸ್ಸು ಆರು ಸಾವಿರ ವರ್ಷವಾದರೆ ಡೈನೋಸಾರ್‌ಗಳೂ ನೋಹನ ಕಾಲದವೇ ಆಗಬೇಕು, ಅವೂ ಹಡಗು ಹತ್ತಿರಬೇಕು ಎಂಬುದು ಅವರ ಲೆಕ್ಕ. ಮುಂದೆ ಒಮ್ಮೆ ಜೋರು ಮಳೆಗೆ ಅಲ್ಲಿನ ರಸ್ತೆ ಪಕ್ಕದ ದಿಬ್ಬ ಜರಿಯಿತು. ವಿಮೆ ಕಂಪನಿಗಳು ಸರಿಯಾಗಿ ಪರಿಹಾರ ಕೊಡಲಿಲ್ಲವೆಂದು 2019ರಲ್ಲಿ ಹಡಗಿನವರು ಕೋರ್ಟಿಗೆ ಹೋದರು. ನೋಹನ ಹಡಗಿಗೇ ಮಳೆಯ ಕಾಟ ಎಂದು ಪತ್ರಿಕೆಗಳು ನಕ್ಕವು. ನಾನೂ ನಕ್ಕೆ.

ಆದರೆ ನನ್ನ ತಕರಾರು ಕೆನ್ ಹ್ಯಾಮ್ ಮೇಲಲ್ಲ. ಬೈಬಲ್ಲಿಗೂ ಭೂವಿಜ್ಞಾನಕ್ಕೂ ಜಗಳ ಬಂದರೆ ಭೂವಿಜ್ಞಾನವೇ ಸೋಲಬೇಕು ಎಂದು ಅವರು ಬಾಯಿಬಿಟ್ಟು ಹೇಳುತ್ತಾರೆ. ಅವರು ಎಲ್ಲಿ ನಿಂತಿದ್ದಾರೆಂದು ಎಲ್ಲರಿಗೂ ಗೊತ್ತು. ನನ್ನ ತಕರಾರು ಮೆಲುದನಿಯ ಇನ್ನೊಂದು ಗುಂಪಿನ ಮೇಲೆ. ‘ಜಗಳವೇ ಇಲ್ಲ ಸ್ವಾಮಿ, ಸರಿಯಾಗಿ ಓದಿದರೆ ಬೈಬಲ್ಲಿನ ಆದಿಕಾಂಡಕ್ಕೂ ಮಹಾಸ್ಫೋಟಕ್ಕೂ ತಾಳೆಯಾಗುತ್ತದೆ’ ಎನ್ನುವವರು ಇವರು. ಓದಿದವರು, ಒಳ್ಳೆಯ ಮಾತುಗಾರರು. ವಿಜ್ಞಾನದ ಪರ ಇರುವವರಂತೆ ಕಾಣುವುದರಿಂದ ಇವರನ್ನು ಯಾರೂ ಪ್ರಶ್ನಿಸುವುದಿಲ್ಲ. ಪುಸ್ತಕಕ್ಕೂ ವಿಜ್ಞಾನಕ್ಕೂ ಹ್ಯಾಮ್‌ಗಿಂತ ಹೆಚ್ಚು ಕೆಡುಕು ಆಗಿರುವುದು ಇವರಿಂದಲೇ.

ದಿನ ಅಂದರೆ ದಿನವಲ್ಲ, ಯುಗ ಎಂಬುದು ಇವರ ಮೊದಲ ಸೂತ್ರ. ಸರಿ, ಒಪ್ಪೋಣ. ಈಗ ಪುಸ್ತಕ ತೆಗೆದು ನೋಡಿ. ಮೂರನೆಯ ದಿನ ಹುಲ್ಲು, ಬೀಜ ಬಿಡುವ ಗಿಡ, ಹಣ್ಣಿನ ಮರ. ಸೂರ್ಯ ಚಂದ್ರ ನಕ್ಷತ್ರ ಬರುವುದು ನಾಲ್ಕನೆಯ ದಿನ. ದಿನಕ್ಕೆ 24 ಗಂಟೆಯೇ ಆಗಿದ್ದರೆ ಮರಗಳು ಒಂದು ರಾತ್ರಿ ಬಿಸಿಲಿಲ್ಲದೆ ಹೇಗೋ ತಡೆದುಕೊಂಡಾವು. ಆ ದಿನವನ್ನು ಎಳೆದು ಕೋಟ್ಯಂತರ ವರ್ಷ ಮಾಡಿದರೆ ಅವುಗಳ ಗತಿಯೇನು? ಹ್ಯಾಮ್ ಓದಿನಲ್ಲಿ ಇಲ್ಲದ ತೊಂದರೆಯನ್ನು ಇವರ ಓದು ಹೊಸದಾಗಿ ತಂದಿಡುತ್ತದೆ. ಐದನೆಯ ದಿನ ಮೀನು ಮತ್ತು ಹಕ್ಕಿ, ಆರನೆಯ ದಿನ ನೆಲದ ಪ್ರಾಣಿ. ಪಳೆಯುಳಿಕೆಗಳ ಸಾಕ್ಷ್ಯ ಬೇರೆ: ಹಕ್ಕಿಗಳು ನೆಲದ ಮೇಲೆ ಓಡಾಡುತ್ತಿದ್ದ ಡೈನೋಸಾರ್‌ಗಳ ಕುಲದಿಂದ ಬಂದವು, ಹೂ ಬಿಟ್ಟು ಹಣ್ಣು ಕೊಡುವ ಮರಗಳು ಮೀನುಗಳಿಗಿಂತ ಕೋಟಿಗಟ್ಟಲೆ ವರ್ಷ ಈಚಿನವು. ಇದನ್ನು ಎತ್ತಿದರೆ ತಯಾರಾದ ಉತ್ತರವೊಂದು ಬರುತ್ತದೆ: ಸೂರ್ಯ ಮೊದಲೇ ಇದ್ದ, ನಾಲ್ಕನೆಯ ದಿನ ಮೋಡ ಸರಿದು ಕಾಣಿಸಿಕೊಂಡ, ಅಷ್ಟೆ! ಆ ಮೋಡ ಆದಿಕಾಂಡದಲ್ಲಿ ಎಲ್ಲಿದೆ? ಪುಸ್ತಕವನ್ನು ಕಾಪಾಡಲು ಹೊರಟವರು ಪುಸ್ತಕದಲ್ಲಿ ಇಲ್ಲದ್ದನ್ನು ಸೇರಿಸುತ್ತಿದ್ದಾರೆ.

ಈ ಎಳೆದಾಟ ಹೊಸದಲ್ಲ. 1925ರ ಜುಲೈನಲ್ಲಿ ಟೆನೆಸಿಯ ಡೇಟನ್ ಊರಿನಲ್ಲಿ ವಿಕಾಸವಾದ ಪಾಠ ಮಾಡಿದ ಜಾನ್ ಸ್ಕೋಪ್ಸ್ ಎಂಬ ಮೇಷ್ಟರ ಮೇಲೆ ಮೊಕದ್ದಮೆ ನಡೆಯಿತು. ಬೈಬಲ್ ಪಕ್ಷದ ಮಹಾನಾಯಕ ವಿಲಿಯಂ ಜೆನಿಂಗ್ಸ್ ಬ್ರಯಾನ್ ಸ್ವತಃ ಸಾಕ್ಷಿಯಾಗಿ ಕೂತರು. ಸೆಕೆಗೆ ನ್ಯಾಯಾಲಯದ ಹೊರಗೆ ಹುಲ್ಲುಹಾಸಿನ ಮೇಲೆ ನಡೆದ ಆ ಪಾಟೀಸವಾಲಿನಲ್ಲಿ, ಸೃಷ್ಟಿಯ ದಿನಗಳು 24 ಗಂಟೆಯವೇ ಆಗಿರಬೇಕಿಲ್ಲ ಎಂದು ಅವರೇ ಒಪ್ಪಿಕೊಂಡರು. ಸ್ಕೋಪ್ಸ್‌ಗೆ 100 ಡಾಲರ್ ದಂಡ ಬಿತ್ತು. ಆದರೆ ಜನರ ನೆನಪಿನಲ್ಲಿ ಉಳಿದದ್ದು ಬ್ರಯಾನ್ ತಡವರಿಸಿದ್ದು.

ತಾಳೆ ಹಾಕುವುದು ಬೇಡ ಎಂದವರು ನಾಸ್ತಿಕರು ಮಾತ್ರ ಅಂದುಕೊಳ್ಳಬೇಡಿ. ವಿಶ್ವಕ್ಕೊಂದು ಆರಂಭವಿತ್ತು ಎಂದು ಭೌತಶಾಸ್ತ್ರದ ಲೆಕ್ಕದಿಂದ ಹೇಳಿದ ಮೊದಲಿಗನೇ ಒಬ್ಬ ಕ್ಯಾಥೊಲಿಕ್ ಪಾದ್ರಿ: ಬೆಲ್ಜಿಯಂನ ಜಾರ್ಜ್ ಲೆಮೈತ್ರ್. ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿದ್ದು, 1923ರಲ್ಲಿ ಗುರುದೀಕ್ಷೆ ಪಡೆದು, ಲೂವೆನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿಕೊಂಡಿದ್ದವರು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಪ್ರಬಂಧ ಬರೆದರು. 1931ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದು, ಎಲ್ಲವೂ ಒಂದೇ ಆದಿಮ ಕಣದಿಂದ ಒಡೆದು ಬಂದಿರಬಹುದು ಎಂದರು. ಆ ಪತ್ರದ ಟೈಪು ಮಾಡಿದ ಕರಡು ಉಳಿದುಕೊಂಡಿದೆ. ಅದರ ಕೊನೆಯಲ್ಲಿ ದೇವರ ಮಾತು ಬರುವ ಒಂದು ಪ್ಯಾರಾ ಇತ್ತು. ನಂಬುವವರಿಗೆ ದೇವರು ಮರೆಯಲ್ಲಿರುವವನೇ, ಈಗಿನ ಭೌತಶಾಸ್ತ್ರವೂ ಸೃಷ್ಟಿಯ ಮೇಲೆ ಪರದೆಯನ್ನೇ ಎಳೆಯುತ್ತದೆ, ಅವರಿಗೆ ಇದರಿಂದ ಸಂತೋಷವೇ ಆಗಬಹುದು ಎಂಬ ಅರ್ಥದ್ದು. ಅಚ್ಚಿಗೆ ಹೋಗುವ ಮೊದಲು ಲೆಮೈತ್ರ್ ಆ ಪ್ಯಾರಾಕ್ಕೆ ಗೀಟು ಎಳೆದರು. ದೇವರು ಮರೆಯಲ್ಲಿದ್ದಾನೆ ಎಂಬ ಮಾತೂ ಭೌತಶಾಸ್ತ್ರದ ಪತ್ರಿಕೆಯಲ್ಲಿ ಬೇಡವೆನಿಸಿತು ಆ ಪಾದ್ರಿಗೆ.

ಇಪ್ಪತ್ತು ವರ್ಷ ಕಳೆದ ಮೇಲೆ, 1951ರ ನವೆಂಬರ್ 22ರಂದು, ಪೋಪ್ ಹನ್ನೆರಡನೆಯ ಪಿಯುಸ್ ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯಲ್ಲಿ ಭಾಷಣ ಮಾಡಿದರು. ಬೆಳಕಾಗಲಿ ಎಂದು ದೇವರು ನುಡಿದ ಗಳಿಗೆಗೆ ಇಂದಿನ ವಿಜ್ಞಾನ ಸಾಕ್ಷಿ ನುಡಿಯುತ್ತಿದೆ ಎಂಬ ಧಾಟಿಯ ಭಾಷಣ ಅದು. ಬೇರೆ ಯಾರಾದರೂ ಆಗಿದ್ದರೆ ತನ್ನ ಸಿದ್ಧಾಂತಕ್ಕೆ ಜಗದ್ಗುರುಗಳ ಮೊಹರು ಬಿತ್ತೆಂದು ಸಿಹಿ ಹಂಚುತ್ತಿದ್ದರು. ಲೆಮೈತ್ರ್ ಕಸಿವಿಸಿಗೊಂಡರು. ದಕ್ಷಿಣ ಆಫ್ರಿಕಕ್ಕೆ ಹೋಗುವ ದಾರಿಯಲ್ಲಿ ರೋಮಿನಲ್ಲಿ ಇಳಿದು, ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕ ಫಾದರ್ ಡೇನಿಯಲ್ ಓ’ಕಾನೆಲ್ ಅವರನ್ನು ಕಂಡು ಮಾತಾಡಿದರು. 1952ರ ಸೆಪ್ಟೆಂಬರಿನಲ್ಲಿ ಜಗತ್ತಿನ ಖಗೋಳ ವಿಜ್ಞಾನಿಗಳೆಲ್ಲ ರೋಮಿನಲ್ಲಿ ಸೇರಿದಾಗ ಪೋಪ್ ಮತ್ತೆ ಭಾಷಣ ಮಾಡಿದರು. ಈ ಸಲ ಆ ಸಾಕ್ಷಿಯ ಮಾತು ಇರಲಿಲ್ಲ.

ಲೆಮೈತ್ರ್ ಯಾಕೆ ಹೆದರಿದರು ಎನ್ನುವುದಕ್ಕೆ ಕಾರಣ ಅದೇ ಸಭೆಯಲ್ಲಿ ಸಿಕ್ಕಿತು. ಆಗಿನ ಅಳತೆಯ ಪ್ರಕಾರ ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷ ಬರುತ್ತಿತ್ತು. ಭೂಮಿಯ ಬಂಡೆಗಳೇ ಅದಕ್ಕಿಂತ ಹಳೆಯವು ಎಂದು ಇನ್ನೊಂದು ಲೆಕ್ಕ ಹೇಳುತ್ತಿತ್ತು. ಮಗಳಿಗಿಂತ ತಾಯಿಯೇ ಚಿಕ್ಕವಳಾದಂತೆ. ರೋಮಿನ ಆ ಸಭೆಯಲ್ಲಿ ವಾಲ್ಟರ್ ಬಾಡೆ ಎದ್ದು ನಿಂತು, ನಕ್ಷತ್ರಪುಂಜಗಳ ದೂರವನ್ನು ನಾವು ಅರ್ಧಕ್ಕರ್ಧ ಕಡಿಮೆ ಎಣಿಸಿದ್ದೆವು ಎಂದರು. ವಿಶ್ವದ ವಯಸ್ಸು ಒಂದೇ ಏಟಿಗೆ ಇಮ್ಮಡಿಯಾಯಿತು. ಇವತ್ತಿನ ಲೆಕ್ಕ 1380 ಕೋಟಿ ವರ್ಷ. ಇತ್ತ ಫ್ರೆಡ್ ಹಾಯ್ಲ್ ಮತ್ತು ಗೆಳೆಯರು ವಿಶ್ವಕ್ಕೆ ಆರಂಭವೇ ಇಲ್ಲ ಎಂದು 1948ರಿಂದ ವಾದಿಸುತ್ತಿದ್ದರು. ಹಾಯ್ಲ್ ಗೆದ್ದಿದ್ದರೆ? ಪೋಪ್ ಅವರ ಸಾಕ್ಷಿ ಕಟಕಟೆಯಲ್ಲೇ ಉಲ್ಟಾ ಹೊಡೆಯುತ್ತಿತ್ತು. ಲೆಮೈತ್ರ್ ಕಡೆಗೆ ತಕ್ಕಡಿ ವಾಲಿದ್ದು 1965ರಲ್ಲಿ, ಎಲ್ಲ ದಿಕ್ಕಿನಿಂದಲೂ ಬರುವ ಮಂದವಾದ ರೇಡಿಯೊ ಹಿನ್ನೆಲೆ ಪತ್ತೆಯಾದಾಗ. ಆ ಸುದ್ದಿ ಕೇಳಿಸಿಕೊಂಡು 1966ರಲ್ಲಿ ಅವರು ತೀರಿಕೊಂಡರು.

ಲೆಮೈತ್ರ್ ಅವರ ಈ ಎಚ್ಚರಿಕೆಯ ಮಾತನ್ನು ಸಂತ ಅಗಸ್ಟಿನ್ ಐದನೆಯ ಶತಮಾನದ ಆರಂಭದಲ್ಲೇ ಆದಿಕಾಂಡದ ಮೇಲಿನ ತಮ್ಮ ಗ್ರಂಥದಲ್ಲಿ ಹೇಳಿದ್ದರು. ಆಕಾಶ, ಗ್ರಹಗಳ ಬಗ್ಗೆ ತಿಳಿದ ಅನ್ಯಮತೀಯರ ಮುಂದೆ ಕ್ರೈಸ್ತನೊಬ್ಬ ಧರ್ಮಗ್ರಂಥದ ಹೆಸರಲ್ಲಿ ಅಸಂಬದ್ಧ ಮಾತಾಡಿದರೆ ನಗೆಪಾಟಲಾಗುವುದು ಗ್ರಂಥವೇ ಎಂಬುದು ಅವರ ಚಿಂತೆ. 1615ರಲ್ಲಿ ಗೆಲಿಲಿಯೋ ಇದೇ ಅಗಸ್ಟಿನ್‌ರನ್ನು ಆಧಾರವಾಗಿ ಎತ್ತಿಕೊಂಡರು. ಪ್ರಯೋಜನವೇನೂ ಆಗಲಿಲ್ಲ.

ತಾಳೆ ಹಾಕುವ ಚಟ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು 2005ರಲ್ಲಿ ಪೆನ್ಸಿಲ್ವೇನಿಯದ ಡೋವರ್ ಶಾಲಾ ಮಂಡಳಿಯ ಮೊಕದ್ದಮೆ ತೋರಿಸಿತು. ಜೀವಿಗಳ ಹಿಂದೆ ಬುದ್ಧಿವಂತ ವಿನ್ಯಾಸಕನಿದ್ದಾನೆ ಎನ್ನುವುದು ಶುದ್ಧ ವಿಜ್ಞಾನ, ಧರ್ಮವಲ್ಲ ಎಂಬ ವಾದ ಅಲ್ಲಿತ್ತು. ಅವರು ಮಕ್ಕಳಿಗೆ ತೋರಿಸಿದ ಪುಸ್ತಕದ ಹಳೆಯ ಕರಡುಗಳನ್ನು ವಕೀಲರು ಹೊರಗೆ ತೆಗೆಸಿದರು. ಸೃಷ್ಟಿವಾದದ ಪಾಠ ಕೂಡದೆಂದು 1987ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ‘ಸೃಷ್ಟಿವಾದಿಗಳು’ ಎಂದಿದ್ದಲ್ಲೆಲ್ಲ ‘ವಿನ್ಯಾಸ ಪ್ರತಿಪಾದಕರು’ ಎಂದು ಬದಲಿಸಲಾಗಿತ್ತು. ಒಂದು ಕಡೆ ಅವಸರದಲ್ಲಿ ಹಳೆಯ ಪದ ಪೂರ್ತಿ ಅಳಿಯದೆ, ಅದರ ಹೊಟ್ಟೆಯೊಳಗೆ ಹೊಸದು ತೂರಿಕೊಂಡು ಕೂತಿತ್ತು. ಅವರ ವಿರುದ್ಧ ಸಾಕ್ಷಿ ಹೇಳಿದ ಮುಖ್ಯ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ಸ್ವತಃ ಕ್ಯಾಥೊಲಿಕ್ ಶ್ರದ್ಧಾವಂತ. ನ್ಯಾಯಾಧೀಶರು ಇದು ವಿಜ್ಞಾನವಲ್ಲ ಎಂದರು.

ಹಾಗಾದರೆ ಆದಿಕಾಂಡದಲ್ಲಿ ಉಳಿಯುವುದೇನು? ಬೇಕಾದಷ್ಟು ಉಳಿಯುತ್ತದೆ. ಮೊದಲ ಅಧ್ಯಾಯ ಈ ರೂಪ ತಾಳಿದ್ದು ಯೆಹೂದಿಗಳು ಬಾಬಿಲೋನಿಗೆ ಸೆರೆಯಾಗಿ ಹೋದ ಕ್ರಿ.ಪೂ. 6ನೇ ಶತಮಾನದ ಆಸುಪಾಸಿನಲ್ಲಿ ಎಂಬುದು ಹಲವು ವಿದ್ವಾಂಸರ ಎಣಿಕೆ. ಸೆರೆಹಿಡಿದವರ ಕಥೆಯಲ್ಲಿ ಮರ್ದೂಕ್ ದೇವ ತಿಯಾಮತ್‌ಳನ್ನು ಕೊಂದು ಸೀಳಿ ಅವಳ ಅರ್ಧ ದೇಹದಿಂದ ಆಕಾಶ ಮಾಡುತ್ತಾನೆ. ಮನುಷ್ಯರನ್ನು ಮಾಡುವುದು ದೇವತೆಗಳ ಚಾಕರಿಗೆ. ಆದಿಕಾಂಡದಲ್ಲಿ ಯುದ್ಧವಿಲ್ಲ, ಹೆಣವಿಲ್ಲ. ಗೆದ್ದವರು ಪೂಜಿಸುವ ಸೂರ್ಯಚಂದ್ರರು ಇಲ್ಲಿ ನಾಲ್ಕನೆಯ ದಿನ ತೂಗುಹಾಕಿದ ಎರಡು ದೀಪಗಳು, ಹೊತ್ತು ತೋರಿಸುವುದು ಅವುಗಳ ಕೆಲಸ. ದೇವರ ಪ್ರತಿರೂಪವೆಂಬ ಗೌರವ ಅರಸನಿಗೊಬ್ಬನಿಗಲ್ಲ, ಗಂಡು ಹೆಣ್ಣು ಎಲ್ಲರಿಗೂ. ಸೋತವರು ಗೆದ್ದವರ ದೇವರುಗಳಿಗೆ ಕೊಟ್ಟ ಏಟು ಇದು. ಅದನ್ನು ಬಿಟ್ಟು ಈ ನಾಲ್ಕನೆಯ ದಿನಕ್ಕೆ ಮೋಡ ಹುಡುಕಿಕೊಂಡು ಕೂತರೆ ಏನನ್ನಬೇಕು? ಸೂರ್ಯ ತಡವಾಗಿ ಬಂದ, ಆದ್ದರಿಂದ ಪುಸ್ತಕವೇ ಕಸ ಎನ್ನುವ ನಾಸ್ತಿಕರೂ ಅದೇ ಮೋಡದ ಕೆಳಗೆ ನಿಂತಿದ್ದಾರೆ.

ನಮ್ಮವರು ಕೆಂಟಕಿಯ ಕಡೆ ನೋಡಿ ನಗುವಾಗ ಸ್ವಲ್ಪ ತಡೆಯಬೇಕು. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳ ‘ವೈಮಾನಿಕ ಶಾಸ್ತ್ರ’ ಎಂಬ, ಪ್ರಾಚೀನವೆಂದು ಹೇಳಿಕೊಳ್ಳುವ ಪುಸ್ತಕವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು 1974ರಲ್ಲೇ ಪರಿಶೀಲಿಸಿ, ಅದು 20ನೇ ಶತಮಾನದ ಕೃತಿ, ಅದರಲ್ಲಿನ ವಿಮಾನಗಳು ಹಾರಲಾರವು ಎಂದು ಬರೆದರು. ಆಮೇಲೂ ಆ ವಿಮಾನಗಳು ಭಾಷಣಗಳಲ್ಲಿ ಹಾರುತ್ತಲೇ ಇವೆ. 2018ರಲ್ಲಿ ಕೇಂದ್ರದ ಸಚಿವರೊಬ್ಬರು ಕೋತಿ ಮನುಷ್ಯನಾದದ್ದನ್ನು ಯಾರೂ ಕಂಡಿಲ್ಲ ಎಂದು ಡಾರ್ವಿನ್ನನನ್ನು ತಳ್ಳಿಹಾಕಿದರು. ‘ನೀವು ಅಲ್ಲಿದ್ದಿರಾ?’ ಎಂದು ಮೇಷ್ಟರನ್ನು ಕೇಳಿ ಅಂತ ಕೆನ್ ಹ್ಯಾಮ್ ಮಕ್ಕಳಿಗೆ ಹೇಳಿಕೊಡುತ್ತಾರಲ್ಲ, ಅದೇ ಪಾಠ.

ತಾಳೆ ಹಾಕದಿದ್ದರೆ ಓದಿದ ಹುಡುಗರು ಚರ್ಚು ಬಿಟ್ಟು ಹೋಗುತ್ತಾರೆ ಎಂಬುದು ಆ ಮೆಲುದನಿಯ ಗುಂಪಿನ ಕೊನೆಯ ವಾದ. ಇದ್ದುದರಲ್ಲಿ ಪ್ರಾಮಾಣಿಕವಾದದ್ದು ಇದೇ. ಆದರೆ 200 ಕೋಟಿಗೆ ತಾಳೆ ಹಾಕಿಕೊಂಡ ನಂಬಿಕೆ 1380 ಕೋಟಿ ಬಂದಾಗ ಎಲ್ಲಿಗೆ ಹೋಗಬೇಕು? ವಿಜ್ಞಾನ ನಾಳೆ ತನ್ನ ಲೆಕ್ಕ ತಿದ್ದಿಕೊಳ್ಳುತ್ತದೆ, ಅದು ಅದರ ಕಸುಬು. ಆ ಹುಡುಗನಿಗೆ ಆಗ ಪುಸ್ತಕವೂ ಸುಳ್ಳು, ಹೇಳಿಕೊಟ್ಟವರೂ ಸುಳ್ಳು. ಸಂಡೆ ಸ್ಕೂಲಿನಲ್ಲಿ ಪುಟ್ಟ ಹುಡುಗಿಯೊಬ್ಬಳು ಡೈನೋಸಾರ್ ಎಷ್ಟನೆಯ ದಿನ ಹುಟ್ಟಿತು ಎಂದು ಕೇಳಿದರೆ, ‘ಅದು ಈ ಪುಸ್ತಕದಲ್ಲಿಲ್ಲ ಮಗಳೇ, ನಿಮ್ಮ ಸೈನ್ಸ್ ಮಿಸ್ಸನ್ನು ಕೇಳು’ ಎನ್ನಲು ಪಾಸ್ಟರಿಗೆ ಏನು ಕಷ್ಟ?