ಬಾಟ್ಲಿ ಮ್ಯಾಲಿನ ಊರ ಹೆಸರು

ವೈನಿ, ವೈನ್ ಅಂದ್ಕೂಡ್ಲೆ ಹೌಹಾರಬ್ಯಾಡ್ರಿ. ಲಿಯೋನ್‌ನ್ಯಾಗ ಬೀಗರ ಮನಿಯೊಳಗ ಕಲ್ತು ಬಂದೇನಿ. ಕುಡಿಯೂದಲ್ಲ, ಬಾಟ್ಲಿ ಚೀಟಿ ಓದೂದು. ಫ್ರಾನ್ಸಿನ್ಯಾಗ ಬಹಳ ಚೀಟಿ ಮ್ಯಾಲೆ ದ್ರಾಕ್ಷಿ ಹೆಸರ ಇರಂಗಿಲ್ರಿ, ಊರ ಹೆಸರು ಇರ್ತದ. ಶಾಬ್ಲಿ ಅಂದ್ರ ಊರು, ಒಳಗಿನ ದ್ರಾಕ್ಷಿ ಶಾರ್ಡೊನೆ. ಸಾನ್ಸೇರ್ ಬಿಳೀದಾದ್ರ ಸೋವಿನ್ಯೋಂ ಬ್ಲಾಂ. ಬೋಜೊಲೇ ಕೆಂಪು ಗಾಮೆ ದ್ರಾಕ್ಷಿದು. ನಾವು ಬರೇ ‘ಬ್ಯಾಡಗಿ’ ಅಂದ್ರ ಕಿರಾಣಿಯಾಂವ ಮೆಣಸಿನಕಾಯಿ ಕೊಡಂಗಿಲ್ಲೇನು, ಹಂಗ. ಊರ ಹೆಸರು ಕಾಯಾಕ 1935ರಾಗ ಕಾಯ್ದೇನ ಮಾಡ್ಯಾರ. ಹೊಸಬರಿಗೆ ಇಂಥಾ ಮೂರು ಹೆಸರು ಸಾಕು, ರೇಟ್ ನೋಡಿ ಅಂಜೂದ್ ಬ್ಯಾಡ.

‘ಕುಡೀದಾಕಿಗೆ ಇದ್ಯಾಕ?’ ಅಂದ್ರು ನಮ್ಮನಿಯವ್ರು. ಮೂಗು ಮುರದು ಕೂತಿದ್ರ ಮಗಳ ಮಾರಿ ಸಣ್ಣದಾಗ್ತಿತ್ತಲ್ರಿ. ಅಳಿಯನ ಅಜ್ಜಿ ಸಣ್ಣಾಕಿದ್ದಾಗ ಬೋಜೊಲೇದಾಗ ದ್ರಾಕ್ಷಿ ಹರದವರು. ನಾ ಬಾಟ್ಲಿ ನೋಡಿ ‘ಗಾಮೆ?’ ಅಂದ್ನಿ. ಅವರು ಕುರ್ಚಿ ನನ್ನ ಹಂತ್ಯಾಕ ಎಳಕೊಂಡ್ರು.