ಇಲಿಗೆ ಕಣ್ಣು ಹೋಗುವುದಿಲ್ಲ

ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದವನಿಗೆ ಮೊದಲ ಕೆಲವು ಗಂಟೆ ಮಾಮೂಲಿ ಅಮಲು, ಅಷ್ಟೆ. ಮಾರನೆಯ ದಿನ ಹೊಟ್ಟೆನೋವು, ವಾಂತಿ, ಏದುಸಿರು. ಕಣ್ಣಿಗೆ ಮಂಜು ಕವಿಯುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಇದೇ ಮೆಥನಾಲನ್ನು ಪ್ರಯೋಗಾಲಯದ ಇಲಿಗೆ ಕೊಟ್ಟರೆ ಅದು ಅಮಲೇರಿ ಬಿದ್ದುಕೊಳ್ಳುತ್ತದೆ, ವಿಪರೀತವಾದರೆ ಸಾಯುತ್ತದೆ ಕೂಡ. ಆದರೆ ಅದರ ರಕ್ತದಲ್ಲಿ ಆಮ್ಲ ಏರುವುದಿಲ್ಲ, ಕಣ್ಣೂ ಹೋಗುವುದಿಲ್ಲ.

ಕಾರಣ ಯಕೃತ್ತಿನಲ್ಲಿದೆ. ಯಕೃತ್ತು ಮೆಥನಾಲನ್ನು ಫಾರ್ಮಾಲ್ಡಿಹೈಡ್ ಆಗಿ, ಆಮೇಲೆ ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ದೃಷ್ಟಿನರವನ್ನು ಕೆಡಿಸುವುದು ಈ ಆಮ್ಲ. ಅದನ್ನು ಮೈಯಿಂದ ತೊಲಗಿಸಲು ಫೋಲೇಟ್ ಎಂಬ ಜೀವಸತ್ವ ಬೇಕು. ಇಲಿಯ ಯಕೃತ್ತಿನಲ್ಲಿ ಅದು ಧಾರಾಳ. ಮನುಷ್ಯನಲ್ಲಿ, ಕೋತಿಯಲ್ಲಿ ಕಡಿಮೆ. ಇಲಿ, ಮೊಲ, ನಾಯಿಗಳಲ್ಲಿ ಕಂಡದ್ದನ್ನು ಮನುಷ್ಯನಿಗೆ ಹೊಂದಿಸಲಾಗದು ಎಂದು ಗಿಲ್ಗರ್ ಮತ್ತು ಪಾಟ್ಸ್ ಎಂಬ ಸಂಶೋಧಕರು 1955ರಲ್ಲಿ ಕೋತಿಗಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟರು. ಅಷ್ಟು ಹೊತ್ತಿಗೆ ಎಷ್ಟು ಮೂಕಪ್ರಾಣಿಗಳು ವ್ಯರ್ಥವಾಗಿ ಸತ್ತಿದ್ದವೋ!

ಕೋತಿ ದುಬಾರಿ, ಮನಸ್ಸಿಗೂ ಭಾರ. ಹಾಗಾಗಿ ವಿಜ್ಞಾನಿಗಳು ಇಲಿಯನ್ನೇ ತಿದ್ದಿದರು. ಫೋಲೇಟ್ ಇಲ್ಲದ ಆಹಾರ ಹಾಕಿದರು, ಇಲ್ಲವೇ ನೈಟ್ರಸ್ ಆಕ್ಸೈಡ್ ಅನಿಲದಲ್ಲಿಟ್ಟು ಫೋಲೇಟಿನ ಕೆಲಸ ತಡೆದರು. ಆಗ ಇಲಿಯ ರಕ್ತದಲ್ಲೂ ಆಮ್ಲ ತುಂಬಿತು, ಅಕ್ಷಿಪಟ ಮಂಕಾಯಿತು. ಜಾಣ ಉಪಾಯ, ಒಪ್ಪೋಣ. ಆದರೆ ಇಂಥ ಇಲಿಯನ್ನು ಏನು ಬೇಕಾದರೂ ಕೇಳುವಂತಿಲ್ಲ. ಆಮ್ಲ ಕಣ್ಣಿಗೆ ಹೇಗೆ ಹಾನಿ ಮಾಡುತ್ತದೆ ಎಂದರೆ ಉತ್ತರ ಸಿಗುತ್ತದೆ. ಫೋಲೇಟ್ ಕೊಟ್ಟರೆ ಗುಣವಾಗುತ್ತದೆಯೇ ಎಂದು ಕೇಳಿದರೆ? ನಾವೇ ಕಸಿದದ್ದನ್ನು ನಾವೇ ಮರಳಿಸಿ ಔಷಧ ಕಂಡುಹಿಡಿದೆವು ಎಂದಂತೆ. ಅದೂ ಅಲ್ಲದೆ ಇಲಿಗೆ ಸಿಗುವುದು ಅಳೆದು ಕೊಟ್ಟ ಶುದ್ಧ ಮೆಥನಾಲ್. ಕಳ್ಳಭಟ್ಟಿಯಲ್ಲಿ ಎಥನಾಲೂ ಬೆರೆತಿರುತ್ತದೆ, ಅದು ವಿಷದ ಲಕ್ಷಣಗಳನ್ನು ಮುಂದೂಡುತ್ತದೆ. ಕುಡಿದವನು ಅರೆಹೊಟ್ಟೆಯ ಕೂಲಿಯಾಳು, ಆಸ್ಪತ್ರೆ ಸೇರುವುದೂ ತಡವಾಗಿ.

ಪ್ರಾಣಿಪ್ರಯೋಗವೇ ಬೇಡ ಎಂದು ನಾನು ಹೇಳುತ್ತಿಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳ ಮೂತ್ರಪಿಂಡ ಕೆಟ್ಟದ್ದು ಡೈಎಥಿಲೀನ್ ಗ್ಲೈಕಾಲ್‌ನಿಂದ. ಮೂತ್ರಪಿಂಡದಲ್ಲಿ ಶೇಖರವಾಗಿ ಅದನ್ನು ಕೊಲ್ಲುವುದು ಈ ವಿಷದಿಂದ ಮೈಯಲ್ಲಿ ಹುಟ್ಟುವ ಡೈಗ್ಲೈಕಾಲಿಕ್ ಆಮ್ಲ ಎಂಬುದಕ್ಕೆ ಬಲವಾದ ಪುರಾವೆ ಸಿಕ್ಕಿದ್ದು ಇಲಿಗಳಿಂದಲೇ. ಆ ವಿಷದ ವಿಷಯದಲ್ಲಿ ತಿದ್ದದ ಇಲಿಯ ಸಾಕ್ಷಿಯೇ ಸಾಕು, ಕೇಳಬೇಕಾದ ಪ್ರಶ್ನೆಗಳೂ ಉಳಿದಿವೆ.

ಮೆಥನಾಲಿನ ಮಾತು ಬೇರೆ. ಅದರ ದಾರಿ ಗೊತ್ತಿದೆ, ತಡೆಯುವ ಮದ್ದೂ ಇದೆ: ಎಥನಾಲ್, ಡಯಾಲಿಸಿಸ್, ಅಮೆರಿಕ 2000ದಲ್ಲಿ ಈ ವಿಷಕ್ಕೆ ಒಪ್ಪಿದ ಫೋಮೆಪಿಜೋಲ್. ಇವು ತಾಲ್ಲೂಕು ಆಸ್ಪತ್ರೆಯಲ್ಲಿ ಹೊತ್ತಿಗೆ ಸರಿಯಾಗಿ ಸಿಗುವಂತೆ ಮಾಡಲು ಇನ್ನೊಂದು ಕೋತಿಯನ್ನು ಕುರುಡು ಮಾಡಬೇಕಾಗಿಲ್ಲ.